ಮಗಳ ಹೇನಿನ ಸುದ್ದಿ ಸಾಗರದ ಮದುವೆಮನೆ ತಲುಪಿದ್ದು

ಚಿಕಾಗೋ ಅಪ್ಪೆಮಿಡಿ (ಚರ್ಚೆ ಶುರು ಮಾಡಿದವರು)

ನನ್ನ ತವರು ಹೊಸನಗರದ ಕಡೆ. ಮದುವೆಯಾಗಿ ಚಿಕಾಗೋ ಹತ್ತಿರ ಬಂದು ಹನ್ನೆರಡು ವರ್ಷ. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಮಗಳು ಹುಟ್ಟಿದಾಗಿನಿಂದ ದಿನಾ ಒಂದಾದರೂ ಸ್ಟೇಟಸ್ ಹಾಕುತ್ತಿದ್ದೆ. ಫೇಸ್‌ಬುಕ್‌ನಲ್ಲಿ ವಾರಕ್ಕೊಂದು ಉದ್ದನೆಯ ಬರಹ. ದೊಡ್ಡ ವಿಷಯ ಏನಲ್ಲ. ಅಕ್ಕಿರೊಟ್ಟಿ ಹರಿದಿದ್ದು, ಹಿಮ ಬಿದ್ದು ಸ್ಕೂಲಿಗೆ ರಜೆ ಕೊಟ್ಟಿದ್ದು, ಮಗ ಉಪ್ಪಿನಕಾಯಿ ರಸ ನೆಕ್ಕಿ ಮುಖ ಕಿವುಚಿದ್ದು, ಇಂಥವೇ.

ಅಮ್ಮನಿಗೋಸ್ಕರ ಶುರು ಮಾಡಿದ್ದು. ಇಲ್ಲಿ ರಾತ್ರಿ ಎಂಟೂವರೆಗೆ ಮಕ್ಕಳನ್ನು ಮಲಗಿಸಿ ಹಾಕಿದರೆ ಅಲ್ಲಿ ಬೆಳಿಗ್ಗೆ ಏಳು. ಅಮ್ಮ ಕಾಫಿ ಲೋಟ ಹಿಡಿದು ಜಗಲಿ ತುದಿಗೆ ಬರುವ ಹೊತ್ತು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ನವೆಂಬರ್‌ನಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಗ ನನ್ನ ಎಂಟೂವರೆ ಅಂದರೆ ಅಮ್ಮನಿಗೆ ಎಂಟು. "ಆಗಿಂದ ಕಾಯ್ತಾ ಇದ್ದೇನೆ, ಯಾರಿಗಾದರೂ ಹುಷಾರಿಲ್ವಾ?" ಅಂತ ಪ್ರತಿ ವರ್ಷ ಫೋನ್ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯಲ್ಲಿ ಮಗಳ ತಲೆಯಲ್ಲಿ ಹೇನಾಯಿತು. ಕ್ಲಾಸಿನಲ್ಲಿ ಯಾರಿಂದಲೋ ಹತ್ತಿದ್ದು. ಮೂರು ರಾತ್ರಿ ಬಾತ್‌ರೂಮಿನಲ್ಲಿ ಕೂರಿಸಿಕೊಂಡು, ಕೂದಲಿಗೆ ಕಂಡೀಷನರ್ ಮೆತ್ತಿ, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆ ಎಳೆಯಾಗಿ ಬಾಚಿದೆ. ಪ್ರತಿ ಸಲವೂ ಬಾಚಣಿಗೆಯನ್ನು ಬಿಳಿ ಟಿಶ್ಯೂಗೆ ಒರೆಸಿ ಎಣಿಸುವುದು. ಮೊದಲ ರಾತ್ರಿ ಹದಿಮೂರು ಹೇನು. ಅಮ್ಮ ನನ್ನನ್ನು ಅಡಿಕೆ ಅಂಗಳದ ಬಿಸಿಲಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ಹೇನು ಹೆಕ್ಕುತ್ತಿದ್ದದ್ದು ನೆನಪಾಯಿತು. ಬರೆದೆ. ಜೊತೆಗೆ ಮಗಳ ಬೆನ್ನ ಹಿಂದಿನಿಂದ ತೆಗೆದ ಫೋಟೋ, ಮುಖ ಇಲ್ಲ. ನನ್ನ ಯಾವ ಬರಹಕ್ಕೂ ಅಷ್ಟು ಲೈಕ್ ಬಂದಿರಲಿಲ್ಲ.

ಜೂನ್ ಮೊದಲ ವಾರ ಸಾಗರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಮಗಳ ಪಕ್ಕ ಕೂತಿದ್ದೆ. ಬಡಿಸಲು ಬಂದ ದೂರದ ಅತ್ತೆಯೊಬ್ಬರು ಅವಳ ಗಲ್ಲ ಹಿಡಿದು "ಹೇನಿನ ಕೂಸು ಇದೇ ಅಲ್ವನೇ?" ಅಂದರು. ಪ್ರೀತಿಯಿಂದಲೇ ಅಂದಿದ್ದು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎದುರು ಸಾಲಿನಿಂದ ಇನ್ಯಾರೋ "ಹದಿಮೂರು!" ಅಂದರು. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಕೇಳಿದರೆ ಎಲ್ಲ ತಿಳಿಯುತ್ತದೆ. ಹೋಳಿಗೆ ಮುಟ್ಟಲಿಲ್ಲ. ಕೈ ತೊಳೆಯುವಲ್ಲಿ ಕೇಳಿದಳು: "ಅಮ್ಮಾ, ಇವರಿಗೆಲ್ಲ ಹೇಗೆ ಗೊತ್ತು?"

ವಾಪಸ್ ಬಂದ ಮೇಲೆ ಏನೂ ಹಾಕಿಲ್ಲ. ಅಮ್ಮ ದಿನಾ ಕೇಳುತ್ತಾಳೆ. ಏನು ಮಾಡಲಿ, ಹೇಳಿ.

ಎಲೆಚುಕ್ಕಿ

ಅಕ್ಕ, ಹೇನಿಗೆ ಸೀತಾಫಲದ ಬೀಜ ಅರೆದು ಹಚ್ಚಿ. ಒಂದೇ ದಿನದಲ್ಲಿ ಖಾಲಿ.

ಗೋಪಿ ಸರ್ಕಲ್

ಅಣ್ಣ, ಅದು ಕಣ್ಣಿಗೆ ಇಳಿದರೆ ಕಣ್ಣಿನ ಮೇಲ್ಪದರ ಕೆಟ್ಟು ಡಾಕ್ಟರ ಹತ್ತಿರ ಓಡಬೇಕಾಗುತ್ತದೆ. ದಯವಿಟ್ಟು ಯಾರಿಗೂ ಹೇಳಬೇಡಿ. ಮತ್ತೆ, ಇಲ್ಲಿ ಪ್ರಶ್ನೆ ಹೇನಿಂದಲ್ಲ.

ಸೊರಬ ಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಿ ತಾಯಿ, ನೇರವಾಗಿ ಹೇಳುತ್ತೇನೆ. ಅಮ್ಮನಿಗೋಸ್ಕರ ಅಂದಿರಿ. ಅಮ್ಮ ಒಬ್ಬರೇ. ಅಮ್ಮನಿಗೆ ಮಾತ್ರ ಕಳಿಸಬಹುದಿತ್ತಲ್ಲ? ಊರಿಗೆಲ್ಲ ಯಾಕೆ? ಮೂವತ್ತು ವರ್ಷ ಪಾಠ ಮಾಡಿದವನು ನಾನು. ಒಂದು ಮಗುವಿಗೆ ಅಡ್ಡಹೆಸರು ಅಂಟಿತೋ, ಎಸ್ಸೆಲ್ಸಿ ಮುಗಿದರೂ ಬಿಡುವುದಿಲ್ಲ. ಮಕ್ಕಳಿಟ್ಟ ಅಡ್ಡಹೆಸರಾದರೆ ಸ್ಕೂಲು ಬದಲಾಯಿಸಿದಾಗ ಹೋಗುತ್ತದೆ. ತಾಯಿಯೇ ಕೊಟ್ಟದ್ದು ಎಲ್ಲಿಗೆ ಹೋಗಬೇಕು?

ತುಂಗೆ ದಂಡೆ

ಮೇಷ್ಟ್ರೇ, ನೀವು ಮಗುವಿನ ಕಡೆ ಹೇಳಿದಿರಿ. ಅಜ್ಜಿ ಕಡೆಯಿಂದ ನಾನು ಹೇಳುತ್ತೇನೆ. ತೀರ್ಥಹಳ್ಳಿಯಲ್ಲಿ ನಾನು, ನನ್ನ ಯಜಮಾನರು, ಇಬ್ಬರೇ. ಮಗ ಸೊಸೆ ಹೊರದೇಶದಲ್ಲಿ. ಸೊಸೆ ಎರಡು ವರ್ಷದ ಹಿಂದೆ ಸ್ಟೇಟಸ್ ಹಾಕುವುದು ನಿಲ್ಲಿಸಿದಳು. ಈಗ ಭಾನುವಾರ ಫೋನ್. "ಎಲ್ಲಾ ಚೆನ್ನಾಗಿದೆ ಅತ್ತೆ." ಮುಗೀತು.

ಸ್ಟೇಟಸ್‌ನಲ್ಲಾದರೆ ಮೊಮ್ಮಗ ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕೆಂಪು ಸಾಕ್ಸ್ ಹಾಕಿಕೊಂಡಿದ್ದು ಕಾಣುತ್ತಿತ್ತು. ಹಿಂದೆ ಸಿಂಕಿನಲ್ಲಿ ಪಾತ್ರೆ ರಾಶಿ ಕಾಣುತ್ತಿತ್ತು. ಓಹೋ, ಸೊಸೆಗೆ ಈ ವಾರ ಕೆಲಸ ಜಾಸ್ತಿ ಅಂತ ಗೊತ್ತಾಗುತ್ತಿತ್ತು. ಅಷ್ಟು ಸಾಕಿತ್ತು ನನಗೆ. ನಿಮ್ಮ ಅಮ್ಮ ಜಗಲಿ ತುದಿಯಲ್ಲಿ ನಿಂತಿರುತ್ತಾರೆ ಅಂದಿರಲ್ಲ, ಅದನ್ನು ಓದಿ ನನಗೆ ತಡೆಯಲಾಗಲಿಲ್ಲ.

ಎಲೆಚುಕ್ಕಿ

ಬೀಜದ ಮಾತು ವಾಪಸ್. ಆದರೆ ಒಂದು ಕೇಳುತ್ತೇನೆ. ನಮ್ಮಲ್ಲಿ ಅಡಿಕೆ ಸುಲಿಯುವಾಗ ಏನಾಗುತ್ತಿತ್ತು? ರಾತ್ರಿ ಇಡೀ ಹತ್ತು ಹದಿನೈದು ಜನ ಮೆಟ್ಟುಗತ್ತಿ ಮುಂದೆ ಕೂತರೆ ಯಾರ ಮನೆ ಕೂಸಿಗೆ ಹೇನು, ಯಾರ ಮಾಣಿ ಫೇಲು, ಎಲ್ಲ ಬರುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿ ಬಾವಿಕಟ್ಟೆ ಹತ್ತಿ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡದ್ದು ಇವತ್ತಿಗೂ ಹೇಳುತ್ತಾರೆ. ಸತ್ತೇನಾ ನಾನು? ಈಗ ಮಾತ್ರ ಯಾಕೆ ಇಷ್ಟು ಗಲಾಟೆ?

ಸೊರಬ ಮೇಷ್ಟ್ರು

ಆ ಮಾತು ಸಿಪ್ಪೆ ಜೊತೆ ಗೊಬ್ಬರಗುಂಡಿಗೆ ಹೋಗುತ್ತಿತ್ತು ಮಾರಾಯ್ರೆ. ನಿಮ್ಮ ಚಡ್ಡಿ ಕಥೆ ಆ ಕೇರಿ ದಾಟಲಿಲ್ಲ. ಮತ್ತೆ, ಹೇಳಿದವರ ಮನೆ ಕಥೆ ನಿಮಗೂ ಗೊತ್ತಿತ್ತು. ತಿರುಗಿ ಹೇಳಬಹುದಿತ್ತು. ಈ ಮಗುವಿಗೆ ಪಂಕ್ತಿಯಲ್ಲಿದ್ದ ಒಬ್ಬರ ಕಥೆಯಾದರೂ ಗೊತ್ತಿತ್ತಾ?

ಎಲೆಚುಕ್ಕಿ

ಹ್ಞಾಂ. ಅದು ಹೌದು.

(ಈಗ ನನ್ನ ಚಡ್ಡಿ ಕಥೆ ಕೇರಿ ದಾಟಿತು ನೋಡಿ.)

ಚಿಕಾಗೋ ಅಪ್ಪೆಮಿಡಿ

ಮೇಷ್ಟ್ರ ಮೊದಲ ಪ್ರಶ್ನೆಗೆ ಉತ್ತರ. ಅಮ್ಮನಿಗೆ ಮಾತ್ರ ಯಾಕೆ ಕಳಿಸಲಿಲ್ಲ ಅಂತ ನಾನೂ ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ. ಮಗಳು ಹುಟ್ಟಿದ ವರ್ಷ, ಡಿಸೆಂಬರ್. ಇಲ್ಲಿ ಆಗ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಇವರು ಆಫೀಸಿಂದ ಬರುವುದು ಏಳಕ್ಕೆ. ಮಧ್ಯದ ಹೊತ್ತಿನಲ್ಲಿ ಕೂಸು, ನಾನು, ಹೀಟರ್ ಸದ್ದು. ಸ್ಟೇಟಸ್ ಹಾಕಿ, ಯಾರು ಯಾರು ನೋಡಿದರು ಅನ್ನುವ ಪಟ್ಟಿ ತೆಗೆದು ಕೂರುತ್ತಿದ್ದೆ. ಒಬ್ಬೊಬ್ಬರ ಹೆಸರು ಬಂದಂತೆ ಜಗಲಿಗೆ ಯಾರೋ ಬಂದು ಕೂತ ಹಾಗೆ. ಶುರುವಿನಲ್ಲಿ ನಲವತ್ತು ಜನ. ಆಮೇಲೆ ಇನ್ನೂರು ದಾಟಿತು, ಅದರಲ್ಲಿ ಅರ್ಧ ಜನರ ಮುಖ ನನಗೆ ನೆನಪಿಲ್ಲ. ಆದರೂ ಇನ್ನೂರು ಇನ್ನೂರೇ ಅಲ್ವಾ?

ಇನ್ನೊಂದು ನಾಚಿಕೆಗೇಡು. ವರ್ಷದ ಶುರುವಿಗೆ ಸ್ಕೂಲಿನವರು ಒಂದು ಫಾರಂ ಕೊಡುತ್ತಾರೆ. ನಿಮ್ಮ ಮಗುವಿನ ಫೋಟೋ ನಾವು ಇಂಟರ್ನೆಟ್ಟಿಗೆ ಹಾಕಬಹುದಾ ಅಂತ. ಪ್ರತಿ ವರ್ಷ 'ಬೇಡ' ಅಂತಲೇ ಗುರುತು ಹಾಕುತ್ತೇನೆ. ಹೋದ ಸಲ ಹಾಗೆ ಗುರುತು ಹಾಕಿದ ದಿನವೇ ಸಂಜೆ, ಸ್ಕೂಲಿನ ಮೊದಲ ದಿನ ಅಂತ ಹದಿನಾಲ್ಕು ಫೋಟೋ ಹಾಕಿದೆ.

ಬೆಂಗಳೂರು ಬಸ್ಸು

ಇಂಡಿಯಾದಲ್ಲಿ 2023ರ ಡೇಟಾ ಕಾನೂನು ಬಂದಿದೆ. ಹದಿನೆಂಟರ ಒಳಗಿನ ಮಕ್ಕಳ ಫೋಟೋ ಹಾಕಿದರೆ ಅಪ್ಪ ಅಮ್ಮನ ಮೇಲೂ ಕೇಸು. ಹುಷಾರು.

ಗೋಪಿ ಸರ್ಕಲ್

ಸುಮ್ನೆ ಹೆದರಿಸಬೇಡಿ ಸರ್. ಆ ಕಾನೂನಿನಲ್ಲಿ ಹದಿನೆಂಟರ ಒಳಗಿನವರು ಮಕ್ಕಳು ಅನ್ನುವುದು ನಿಜ. ಅವರ ಮಾಹಿತಿ ಬಳಸುವ ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು. ಆದರೆ ಮನೆಯವರು ಸ್ವಂತಕ್ಕೆ ಮಾಡುವುದು ಅದರೊಳಗೆ ಬರುವುದಿಲ್ಲ. ಅಕ್ಕ ಇರುವ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ ಬೇರೆ ಕಾನೂನು ಇದೆ. ಹದಿನಾರರ ಒಳಗಿನ ಮಕ್ಕಳನ್ನು ವಿಡಿಯೋದಲ್ಲಿ ತೋರಿಸಿ ದುಡ್ಡು ಮಾಡುವವರು ಒಂದು ಪಾಲನ್ನು ಆ ಮಕ್ಕಳ ಹೆಸರಿನಲ್ಲಿ ಇಡಬೇಕು. ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯ ಅದೇ. ಲೈಕಿಗೆ ಪಾಲಿಲ್ಲ, ಹಾಗಾಗಿ ಅಕ್ಕ ಪಾರು.

ಕೆಲಸಕ್ಕೆ ಬರುವ ಮಾತು ಬೇಕಾದರೆ ಇದು. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ನಿಜ. ಆದರೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ನಿಮಗೆ ತಿಳಿಯುವುದಿಲ್ಲ. ಸ್ಟೇಟಸ್ ಯಾರಿಗೆ ಕಾಣಬೇಕು ಅಂತ ಆರಿಸಲು ಬರುತ್ತದೆ. ಅಮ್ಮ, ಅಪ್ಪ, ತಮ್ಮ, ಇಷ್ಟೇ ಜನರಿಗೆ ಬಿಡಬಹುದು. ಮುಖ ಮುಚ್ಚಿದರೂ ಟೀ ಶರ್ಟ್ ಮೇಲೆ ಸ್ಕೂಲಿನ ಹೆಸರು, ಹಿಂದೆ ಬಸ್ಸಿನ ನಂಬರ್ ಇದ್ದರೆ ಮುಖ ಮುಚ್ಚಿ ಏನು ಬಂತು?

ಹಿನ್ನೀರು

ನಾನು ಫೋಟೋ ಹಾಕಿ ಅನ್ನುವವರ ಕಡೆ. ನಮ್ಮದು ಶರಾವತಿ ಮುಳುಗಡೆ ಮನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಸ್ವಲ್ಪ ಮುಂಚೆ ನಮ್ಮನ್ನು ಸಾಮಾನು ಸಮೇತ ಲಾರಿ ಹತ್ತಿಸಿ ಶೆಟ್ಟಿಹಳ್ಳಿ ಕಾಡಿನ ಕಡೆ ತಂದು ಇಳಿಸಿದರು. ನನಗೆ ಆಗ ಆರು ವರ್ಷ. ಆ ಮನೆಯ ಒಂದೇ ಒಂದು ಫೋಟೋ ಇಲ್ಲ.

ಅಮ್ಮ ಹೊಸ ಗುಡಿಸಲಿನ ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದಳು. ಇಲ್ಲಿ ಹೆಬ್ಬಾಗಿಲು, ಇಲ್ಲಿ ಬಚ್ಚಲು, ಇಲ್ಲಿ ಒರಳು. ಮಳೆಗಾಲದಲ್ಲಿ ಗೋಡೆ ತೇವ ಕುಡಿದು ಎಲ್ಲ ಅಳಿಸಿ ಹೋಗುತ್ತಿತ್ತು. ಬೇಸಿಗೆಗೆ ಮತ್ತೆ ಬರೆಯುತ್ತಿದ್ದಳು. ಒಂದೊಂದು ವರ್ಷ ಒಂದೊಂದು ಥರ. ಒರಳು ಜಾಗ ಬದಲಾಯಿಸುತ್ತಿತ್ತು.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತಲ್ಲ, ಸಿಗಂದೂರಿಗೆ ಹೋಗುವವರೆಲ್ಲ ಅಲ್ಲಿ ನಿಂತು ಸೆಲ್ಫಿ ತೆಗೆಯುತ್ತಾರೆ. ನಾನು ಕೆಳಗೆ ನೀರು ನೋಡುತ್ತೇನೆ. ಫೋಟೋ ಇಲ್ಲದವರ ಕಷ್ಟ ಏನು ಅಂತ ನನಗೆ ಗೊತ್ತು. ಬರೆಯಿರಿ ತಂಗಿ, ತೆಗೆಯಿರಿ, ಇರಲಿ.

ತುಂಗೆ ದಂಡೆ

ಅಣ್ಣಾ, ತೆಗೆದು ಇಡುವುದು ಬೇರೆ, ಊರಿಗೆ ತೋರಿಸುವುದು ಬೇರೆ ಅಲ್ವಾ? ನಾನು ಸ್ಟೇಟಸ್ ಪರ, ಆದರೂ ಇದು ಹೇಳಲೇಬೇಕು. ಶಿವಮೊಗ್ಗದಲ್ಲಿ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿದರೆ ಹೇನೂ ಇರಲಿ, ಏನೂ ಇರಲಿ, ಟ್ರಂಕಿನಲ್ಲಿ ಇರುತ್ತದೆ.

ಹಾಸ್ಟೆಲ್ ಕಿಟಕಿ

ನನಗೆ ಹತ್ತೊಂಬತ್ತು. ನನ್ನ ಅಮ್ಮನೂ ನನ್ನ ಎಲ್ಲವನ್ನೂ ಹಾಕಿದವರೇ. ಮೊಡವೆಗೆ ಕಡಲೆಹಿಟ್ಟು ಹಚ್ಚಿಕೊಂಡು ಕೂತ ಫೋಟೋ ಇವತ್ತಿಗೂ ಪ್ರತಿ ವರ್ಷ 'ಮೆಮೊರಿ' ಅಂತ ಮೇಲೆ ಬರುತ್ತದೆ, ಚಿಕ್ಕಮ್ಮಂದಿರೆಲ್ಲ ಹೊಸದಾಗಿ ನಗುತ್ತಾರೆ. ಅಮ್ಮನ ಮೇಲೆ ಸಿಟ್ಟಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ ಅಕ್ಕ. ಈ ಹೇನಿನ ಕಥೆ ಇಲ್ಲಿ ಇಷ್ಟು ಉದ್ದ ಬರೆಯುವ ಮುಂಚೆ ಮಗಳನ್ನು ಕೇಳಿದಿರಾ?

ಸೊರಬ ಮೇಷ್ಟ್ರು

ಇದು ನನಗೇ ಹೊಳೆಯಲಿಲ್ಲ.

ಹಿನ್ನೀರು

ಈ ಹುಡುಗಿ ಕೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಲಾರಿ ಹತ್ತಿಸುವಾಗ ನಮ್ಮನ್ನೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹಿರಿಯರು ಏನು ಹೇಳುತ್ತಿದ್ದರೋ, ಒಪ್ಪುತ್ತಿದ್ದರೋ ಏನೋ. ಆದರೆ ಕೇಳಲಿಲ್ಲ ಅನ್ನುವುದನ್ನು ಅರವತ್ತು ವರ್ಷವಾದರೂ ನಮ್ಮ ಮನೆಯಲ್ಲಿ ಮರೆತಿಲ್ಲ. ನನ್ನ ಮೇಲಿನ ಮಾತು ಅಳಿಸುವುದಿಲ್ಲ, ಇದನ್ನೂ ಸೇರಿಸಿ ಓದಿಕೊಳ್ಳಿ.

ಚಿಕಾಗೋ ಅಪ್ಪೆಮಿಡಿ

ಕೇಳಿರಲಿಲ್ಲ. ಹೆಸರು ಹಾಕಿಲ್ಲ, ಫೋಟೋ ಹಾಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಾಳೆ ಅವಳನ್ನು ಕೇಳುತ್ತೇನೆ. ಬೇಡ ಅಂದರೆ ಇಡೀ ಚರ್ಚೆ ತೆಗೆಯುತ್ತೇನೆ, ಎಲ್ಲರೂ ಕ್ಷಮಿಸಿ.

ಚಿಕಾಗೋ ಅಪ್ಪೆಮಿಡಿ (ಮೂರು ದಿನದ ನಂತರ)

ಕೇಳಿದೆ. "ಏನು ಬರೆದಿದ್ದೀಯ, ಓದು" ಅಂದಳು. ಅವಳಿಗೆ ಓದಲು ಬಾರದಲ್ಲ, ನಾನೇ ಓದಿ ಹೇಳಬೇಕಾಯಿತು. ಒಂಬತ್ತು ವರ್ಷ ಅವಳ ಬಗ್ಗೆ ಅವಳಿಗೆ ತಿಳಿಯದ ಅಕ್ಷರದಲ್ಲಿ ಬರೆದಿದ್ದೇನೆ ಅನ್ನುವುದು ಆಗ ತಲೆಗೆ ಹೋಯಿತು. ಪಕ್ಕದಲ್ಲಿ ಕೂತು ಸ್ಕ್ರೀನ್ ನೋಡುತ್ತಿದ್ದಳು, ನಾನು ಏನಾದರೂ ಬಿಟ್ಟೆನಾ ಅಂತ ನನ್ನ ಮುಖವನ್ನೂ ನೋಡುತ್ತಿದ್ದಳು.

ಹದಿಮೂರು ಹೇನು ಅಂತ ಓದುತ್ತಲೇ ತಡೆದಳು. "ಹನ್ನೊಂದು. ಎರಡು ನಿನ್ನ ತಲೆಯದ್ದು."

ನಿಜ. ಆ ರಾತ್ರಿ ನನ್ನ ತಲೆಯನ್ನೂ ಬಾಚಿಕೊಂಡಿದ್ದೆ. ಅದೇ ಬಾಚಣಿಗೆ, ಅದೇ ಟಿಶ್ಯೂ. ನನ್ನದನ್ನು ನಾನು ಎಲ್ಲೂ ಬರೆದಿರಲಿಲ್ಲ.

ಅವಳ ಷರತ್ತು ಇಷ್ಟು. ಈ ಚರ್ಚೆ ಇರಲಿ, ಲೆಕ್ಕ ಸರಿ ಮಾಡಬೇಕು. ಫೇಸ್‌ಬುಕ್‌ನಲ್ಲಿ ಇರುವ ಹಳೆಯದನ್ನೆಲ್ಲ ಜೊತೆಗೆ ಕೂತು ನೋಡಬೇಕು, ಅವಳು ಬೇಡ ಅಂದದ್ದು ಹೋಗಬೇಕು. ಇನ್ನು ಮುಂದೆ ಸ್ಟೇಟಸ್ ಅಮ್ಮಮ್ಮನಿಗೆ ಮಾತ್ರ, ಅದೂ ಅವಳೇ ಹಾಕುತ್ತಾಳಂತೆ. ನಿನ್ನೆ ಹಾಕಿದ್ದು ನನ್ನ ಫೋಟೋ. ರೊಟ್ಟಿ ಕರಟಿಸಿಕೊಂಡು ನಿಂತಿದ್ದೆ. ಅಮ್ಮನಿಂದ ಏಳು ಗಂಟೆ ಒಂದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು, "ಸೊರಗಿದ್ದೀಯಲ್ಲೇ?"

ತುಂಗೆ ದಂಡೆ

ನೋಡಿದಿರಾ? ಫೋನಿನಲ್ಲಿ ಅದು ಗೊತ್ತಾಗುತ್ತಿರಲಿಲ್ಲ.

ಹಾಸ್ಟೆಲ್ ಕಿಟಕಿ

ಮಗಳಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಕನ್ನಡ ಕಲಿಸುತ್ತಿಲ್ಲವಾ?

ಚಿಕಾಗೋ ಅಪ್ಪೆಮಿಡಿ

ಎರಡು ವರ್ಷ ಭಾನುವಾರದ ಕ್ಲಾಸಿಗೆ ಎಳೆದುಕೊಂಡು ಹೋಗಿದ್ದೆ. 'ಅ ಆ' ದಾಟಲಿಲ್ಲ. ಮೊನ್ನೆ ಇದನ್ನು ಓದಿಸಿಕೊಂಡ ಮೇಲೆ ತಾನಾಗಿಯೇ ಬಂದು ಕೇಳಿದಳು. ಮೊದಲು ಕಲಿತದ್ದು 'ಹೇ', ಆಮೇಲೆ 'ನು'. ಈಗ ಫೋನ್ ಹಿಡಿದು, ಬೆರಳಿಟ್ಟು, ನನ್ನ ಹಳೆಯ ಬರಹಗಳಲ್ಲಿ ಸಾಲು ಸಾಲು ಹುಡುಕುತ್ತಾಳೆ.

ಎಲೆಚುಕ್ಕಿ

ಎಷ್ಟು ಸಿಕ್ಕಿತು?

ಚಿಕಾಗೋ ಅಪ್ಪೆಮಿಡಿ

ಇವತ್ತಿಗೆ ಏಳು. ಕಾಮೆಂಟುಗಳಿಗೆ ಇನ್ನೂ ಬಂದಿಲ್ಲ.