ಮುಂದಿನ ಹಲ್ಲಿಗೆ ವೆನೀರ್: ಕಾಂಪೊಸಿಟ್ಟಾ, ಪಿಂಗಾಣಿಯಾ?

ಕೇಳಿದವಳು, ಪಾವಗಡ ಕಡೆ:
ಬೋರ್‌ವೆಲ್ ನೀರು ಕುಡಿದು ಬೆಳೆದವಳು ನಾನು. ಮೇಲಿನ ನಾಲ್ಕು ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಫೋಟೋ ಅಂದ್ರೆ ತುಟಿ ಮುಚ್ಚಿಯೇ ನಗೋದು. ಮೂರು ತಿಂಗಳಿಗೆ ಮದುವೆ. ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಹೊದಿಸುವ ತೆಳು ಪದರ, ಹಾಕಿಸೋಣ ಅಂತಿದ್ದೇನೆ. ಒಬ್ಬ ಡಾಕ್ಟರು ಕಾಂಪೊಸಿಟ್ ವೆನೀರ್ ಸಾಕು ಅಂದರು. ಇನ್ನೊಬ್ಬರು ಪಿಂಗಾಣಿಯದೇ ಒಳ್ಳೆಯದು, ಎಂಟು ಹಲ್ಲಿಗೂ ಹಾಕಿಸಿ ಅಂದರು. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:
ಬೈಕಿನಿಂದ ಬಿದ್ದು ನನ್ನ ಎರಡು ಹಲ್ಲಿನ ತುದಿ ಮುರಿದಿತ್ತು. ಕಾಂಪೊಸಿಟ್ ಹಾಕಿಸಿ ನಾಲ್ಕು ವರ್ಷವಾಯಿತು. ಹುಳುಕಿಗೆ ಬಿಳಿ ಫಿಲ್ಲಿಂಗ್ ತುಂಬುತ್ತಾರಲ್ಲ, ಅದೇ ವಸ್ತು. ಹಲ್ಲಿನ ಮೇಲೆ ಹಚ್ಚಿ, ತಿದ್ದಿ, ನೀಲಿ ಲೈಟು ಹಿಡಿದು ಗಟ್ಟಿ ಮಾಡುತ್ತಾರೆ. ಹಲ್ಲನ್ನು ತೇಯಲೇ ಇಲ್ಲ ಅನ್ನಬಹುದು. ಒಂದೇ ದಿನದ ಕೆಲಸ. ಹಲ್ಲಿಗೆ ಐದು ಸಾವಿರ ಕೊಟ್ಟೆ.

ಆದರೆ ನನಗೆ ದಿನಕ್ಕೆ ನಾಲ್ಕು ಕಾಫಿ ಬೇಕು. ಎರಡನೇ ವರ್ಷಕ್ಕೇ ಅಂಚು ಹಳದಿ ತಿರುಗಿತು. ಈಗ ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸುತ್ತೇನೆ. ಹೋದ ಗೌರಿ ಹಬ್ಬದಲ್ಲಿ ಕೋಡುಬಳೆ ಕಚ್ಚಿ ಒಂದು ಚಕ್ಕೆ ಎದ್ದು ಬಂತು. ಅರ್ಧ ಗಂಟೆಯಲ್ಲಿ ಮತ್ತೆ ಹಚ್ಚಿ ಸರಿ ಮಾಡಿದರು. ಕೋಡುಬಳೆ ಬಿಟ್ಟಿಲ್ಲ, ಈಗ ಕೈಯಲ್ಲಿ ಮುರಿದು ತಿನ್ನುತ್ತೇನೆ, ಅಷ್ಟೇ.

ಮೈಸೂರಿನಿಂದ:
ನನ್ನದು ಇಮ್ಯಾಕ್ಸ್, ಅಂದರೆ ಲಿಥಿಯಂ ಡೈಸಿಲಿಕೇಟ್ ಪಿಂಗಾಣಿ. ಆರು ಹಲ್ಲು, ಎಂಟು ವರ್ಷ. ಇವತ್ತಿಗೂ ಕಾಫಿ, ಅರಿಶಿನ ಯಾವ ಕಲೆಯೂ ಹತ್ತಿಲ್ಲ. ಹಲ್ಲಿಗೆ ಹದಿಮೂರು ಸಾವಿರ ಆಗಿತ್ತು.

ಆದರೆ ತಂಗಿ, ತೇಯುವುದು ನಿಜ. ನನಗೆ ಅರ್ಧ ಮಿಲಿಮೀಟರ್ ತೇದರು. ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ಇರುತ್ತದಂತೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಹೋದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಮೇಲ್ಪದರ, ಮತ್ತೆ ಬೆಳೆಯೋದಿಲ್ಲ. ಮುಂದೆ ಜೀವನ ಪೂರ್ತಿ ಆ ಹಲ್ಲಿನ ಮೇಲೆ ಏನಾದರೊಂದು ಹೊದಿಸಿಯೇ ಇರಬೇಕು. ಅಚ್ಚು ತೆಗೆದು ಲ್ಯಾಬಿಗೆ ಕಳಿಸಿ, ಹತ್ತು ದಿನ ಪ್ಲಾಸ್ಟಿಕ್ಕಿನ ತಾತ್ಕಾಲಿಕದ್ದು ಹಾಕಿದ್ದರು. ಆ ಹತ್ತು ದಿನ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿತ್ತು.

ಬಣ್ಣದ್ದೊಂದು ಕಥೆ ಹೇಳಬೇಕು. ಎಲ್ಲಕ್ಕಿಂತ ಬೆಳ್ಳಗಿರೋದೇ ಬೇಕು ಅಂತ ನನ್ನ ಹಟ. ಡಾಕ್ಟರು ವಾದ ಮಾಡಲಿಲ್ಲ. ಹಲ್ಲಿನ ಮಾದರಿಗಳ ಪಟ್ಟಿ ಹಿಡಿದು ಕಿಟಕಿ ಹತ್ತಿರ ಕರೆದುಕೊಂಡು ಹೋದರು. ಲಿಪ್‌ಸ್ಟಿಕ್ ಒರೆಸಿ ಅಂದರು. ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಇಟ್ಟು ಕನ್ನಡಿ ಕೊಟ್ಟರು. ನಾನು ಆರಿಸಿದ್ದು ಬಾತ್‌ರೂಮಿನ ಟೈಲ್ಸ್ ತುಂಡು ಬಾಯಲ್ಲಿಟ್ಟ ಹಾಗೆ ಕಾಣುತ್ತಿತ್ತು! ಕೊನೆಗೆ ಆ ಪಟ್ಟಿಯಲ್ಲಿ ಎ1 ಅನ್ನೋ ಸಹಜ ತಿಳಿ ಬಣ್ಣದ್ದು ಹಾಕಿಸಿದೆ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ಆರಿಸಬೇಡ.

ಇನ್ನೊಂದು, ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದೆಯಾ? ಇದ್ದರೆ ಮೊದಲೇ ಹೇಳು. ನಾನು ರಾತ್ರಿ ನೈಟ್ ಗಾರ್ಡ್, ಅಂದರೆ ಹಲ್ಲು ಕಡಿದರೂ ವೆನೀರ್ ಒಡೆಯದ ಹಾಗೆ ಕಾಯೋ ಕವಚ, ಹಾಕಿಕೊಂಡೇ ಮಲಗೋದು.

ಕೋಲಾರದಿಂದ:
ನಿಮ್ಮ ನೀರು, ನಮ್ಮ ನೀರು ಒಂದೇ ಕಥೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರನ್ನು, ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಹೀಗಾಗುತ್ತದೆ. ಎಷ್ಟು ಉಜ್ಜಿದರೂ ಹೋಗಲ್ಲ. ನನಗೂ ವೆನೀರ್ ಅಂತಲೇ ಹೇಳಿದ್ದರು. ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ಮೈಕ್ರೋಅಬ್ರೇಶನ್ ಮಾಡಿದರು. ಆಸಿಡ್ ಸೇರಿದ ಪುಡಿಯ ಪೇಸ್ಟ್ ಹಾಕಿ ಮೇಲಿನ ತೆಳು ಪದರ ಮಾತ್ರ ಉಜ್ಜುತ್ತಾರೆ. ಆಮೇಲೆ ಬ್ಲೀಚಿಂಗ್. ಮುಕ್ಕಾಲು ಪಾಲು ಕಲೆ ಹೋಯಿತು. ಒಂದು ಹಲ್ಲಿನಲ್ಲಿ ಮಾತ್ರ ಗೆರೆ ಉಳಿಯಿತು. ಅದಕ್ಕೊಂದಕ್ಕೇ ಕಾಂಪೊಸಿಟ್ ಹಾಕಿದರು, ಅದೂ ಎರಡು ವಾರ ಕಾದು. ಬ್ಲೀಚ್ ಮಾಡಿದ ಕೂಡಲೇ ಅಂಟು ಸರಿಯಾಗಿ ಹಿಡಿಯಲ್ಲವಂತೆ. ಕಲೆ ಆಳಕ್ಕಿದ್ದರೆ ಇದು ಸಾಲದು, ಅದನ್ನು ನೋಡಿಯೇ ಹೇಳಬೇಕು.

ಹುಬ್ಬಳ್ಳಿಯಿಂದ:
ನನ್ನ ತಪ್ಪು ನೀವು ಮಾಡಬೇಡ್ರಿ. ವೆನೀರ್ ಅಂತ ಹೇಳಿ ನಾಲ್ಕು ಹಲ್ಲನ್ನು ಸುತ್ತಲೂ ತೇದು ಗೂಟ ಮಾಡಿದರು. ಅದು ವೆನೀರ್ ಅಲ್ಲ, ಕ್ಯಾಪು. ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಒಂದು ಹಲ್ಲಿಗೆ ರೂಟ್ ಕೆನಾಲ್ ಆದಾಗ. ಏನೂ ಹುಳುಕಿಲ್ಲದ ಹಲ್ಲು ಅವು.

ಲ್ಯಾಬಿನಲ್ಲಿ ಕೆಲಸ ಮಾಡುವವನು:
ಪಿಂಗಾಣಿ ತೆಳುವಾದಷ್ಟೂ ಒಳಗಿನ ಬಣ್ಣ ಇಣುಕುತ್ತದೆ. ಕಂದು ಪಟ್ಟೆಯ ಮೇಲೆ ತೇಯದೆ ಅಂಟಿಸುವ ತೆಳು ವೆನೀರ್ ಕೇಳಿದರೆ ಕೆಲಸ ಚೆನ್ನಾಗಿ ಬರಲ್ಲ. ಪಟ್ಟೆ ಮುಚ್ಚಬೇಕಾದರೆ ದಪ್ಪ ಬೇಕು, ಇಲ್ಲವೇ ಬೆಳಕು ಹಾಯದ ಪಿಂಗಾಣಿ ಬೇಕು. ಬ್ಲೀಚಿಂಗ್ ಮಾಡಿಸುವುದಾದರೆ ಮೊದಲೇ ಮಾಡಿಸಿ. ವೆನೀರ್ ಕೂತ ಮೇಲೆ ಅದರ ಬಣ್ಣ ಬ್ಲೀಚಿಗೆ ಬದಲಾಗಲ್ಲ. ಮತ್ತೆ, ತೇಯುವ ಮುಂಚೆ ಹಲ್ಲಿನ ಮೇಲೆ ಮಾದರಿ ಕೂರಿಸಿ ತೋರಿಸಿ ಅಂತ ಕೇಳಿ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಇಬ್ಬರು ಡಾಕ್ಟರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಎಷ್ಟು ತೇಯ್ತೀರಿ? ಎಂಟು ಹಲ್ಲು ಅಂದವರು, ಬನ್ನಿ ನೋಡೋಣ ಅಂದರು. ಮೊದಲನೆಯವರು, ಕಲೆ ಎಷ್ಟು ಆಳಕ್ಕಿದೆ ಅಂತ ಉಜ್ಜಿ ನೋಡೋಣ, ಆಮೇಲೆ ಹೇಳ್ತೀನಿ ಅಂದರು. ಸೋಮವಾರ ಅವರ ಹತ್ತಿರವೇ ಹೋಗುತ್ತಿದ್ದೇನೆ. ಮೈಸೂರಿನ ಅಕ್ಕ, ಹಲ್ಲು ಕಡೀತೀನಾ ಅಂತ ಅಮ್ಮನನ್ನು ಕೇಳಿದೆ. ಪಕ್ಕದ ರೂಮಿಗೂ ಕೇಳಿಸುತ್ತದಂತೆ.