ಅಪ್‌ಡೇಟ್: ಚಿಲಿ–ಅರ್ಜೆಂಟೀನಾ ಉಳಿತಾಯದ ಹೋಲಿಕೆ

ಎರಡು ದೇಶಗಳ ರಾಷ್ಟ್ರೀಯ ಒಟ್ಟು ಉಳಿತಾಯವನ್ನು (ದೇಶದ ಆದಾಯದಲ್ಲಿ ಬಳಕೆಗೆ ಖರ್ಚಾಗದೆ ಉಳಿದದ್ದನ್ನು) ಒಂದೇ ಗ್ರಾಫಿನಲ್ಲಿ ಹೋಲಿಸುವುದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆ ಥ್ಯಾಂಕ್ಸ್. ಕೆಲಸಕ್ಕೆ ಬಂದದ್ದು ಇಷ್ಟು.

ವಿಶ್ವಬ್ಯಾಂಕಿನ ಅಂಕಿಅಂಶಗಳಲ್ಲಿ ಡಾಲರ್ ಸರಣಿ ಬಿಡಿ, ಜಿಡಿಪಿಯ (ದೇಶದೊಳಗಿನ ಒಟ್ಟು ಉತ್ಪಾದನೆಯ) ಶೇಕಡಾವಾರು ಸರಣಿ ಹಿಡಿಯಿರಿ. 2002ರಲ್ಲಿ ಅರ್ಜೆಂಟೀನಾದ ಕರೆನ್ಸಿ ಪೆಸೊ ಕುಸಿದಾಗ ಅದರ ಡಾಲರ್ ಲೆಕ್ಕವೂ ಕುಸಿಯಿತು. ಅದು ಬಹುಪಾಲು ವಿನಿಮಯ ದರದ ಆಟ.

‘ಗ್ರಾಸ್ ಸೇವಿಂಗ್ಸ್’, ‘ಗ್ರಾಸ್ ಡೊಮೆಸ್ಟಿಕ್ ಸೇವಿಂಗ್ಸ್’ ಎರಡೂ ಒಂದೇ ಅಲ್ಲ. ಎರಡನೆಯದು ಜಿಡಿಪಿಯಿಂದ ಬಳಕೆ ಕಳೆದದ್ದು. ಮೊದಲನೆಯದರಲ್ಲಿ, ಅಂದರೆ ರಾಷ್ಟ್ರೀಯ ಉಳಿತಾಯದಲ್ಲಿ, ವಿದೇಶದ ಜೊತೆಗಿನ ನಿವ್ವಳ ಆದಾಯ, ವರ್ಗಾವಣೆಗಳೂ ಸೇರುತ್ತವೆ. ತಾಮ್ರದ ಬೆಲೆ ಏರಿದಾಗ ಚಿಲಿಯಲ್ಲಿ ಈ ಅಂತರ ಹಿಗ್ಗುತ್ತದೆ: ವಿದೇಶಿ ಗಣಿ ಕಂಪನಿಗಳ ಲಾಭ ಜಿಡಿಪಿಯಲ್ಲಿ ಇರುತ್ತದೆ, ರಾಷ್ಟ್ರೀಯ ಆದಾಯದಲ್ಲಿ ಇರುವುದಿಲ್ಲ. ಅಲ್ಲೇ ಮರುಹೂಡಿಕೆಯಾದ ಲಾಭವೂ ಹೊರಹೋದ ಆದಾಯವೆಂದೇ ಲೆಕ್ಕ! ಹಾಗಾಗಿ ಚಿಲಿಗೆ ಎರಡೂ ಗೆರೆ ಎಳೆಯಿರಿ.

ಅರ್ಜೆಂಟೀನಾದ್ದು ಬೇರೆ ತಲೆನೋವು. 2004ರಿಂದಾಚೆಗಿನ ಜಿಡಿಪಿಯನ್ನು 2016ರಲ್ಲಿ ಪರಿಷ್ಕರಿಸಿದರು. ಹಳೆಯ ಡೌನ್‌ಲೋಡಿಗೆ ಹೊಸದನ್ನು ಅಂಟಿಸಬೇಡಿ, ಸುಳ್ಳು ಜಿಗಿತ ಬರುತ್ತದೆ.

2020–21ರಲ್ಲಿ ಚಿಲಿಯವರು ಪಿಂಚಣಿ ನಿಧಿಯಿಂದ ಮೂರು ಕಂತು ಹಣ ತೆಗೆದರಲ್ಲ, ತೆಗೆದ ಮಾತ್ರಕ್ಕೆ ಉಳಿತಾಯ ಇಳಿಯದು. ಬ್ಯಾಂಕಿನಲ್ಲಿಟ್ಟದ್ದು ಆಸ್ತಿಯ ಸ್ಥಳಾಂತರವಷ್ಟೆ; ಅಂಗಡಿಯಲ್ಲಿ ಖರ್ಚಾದದ್ದೇ ಗೆರೆಯನ್ನು ಕೆಳಗೆಳೆಯುವುದು.