ಹಳೆಯ ಮರದ ದೋಣಿ ಕೊಳ್ಳುವ ಮುನ್ನ ಕೊಳೆತವನ್ನು ಪತ್ತೆಹಚ್ಚುವುದು ಹೇಗೆ?

ಹುಣಸಗಿ ಕಡೆಯವ:
ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಕೃಷ್ಣಾ ದಂಡೆಯ ನಮ್ಮ ಊರಿನಲ್ಲಿ ಮೀನು ಹಿಡಿಯಲಿಕ್ಕೂ, ಆಚೆ ದಡದ ಹೊಲಕ್ಕೆ ಗೊಬ್ಬರ ಸಾಗಿಸಲಿಕ್ಕೂ ಒಂದು ಹಳೆಯ ಹಲಗೆ ದೋಣಿಯನ್ನು ಕೊಳ್ಳುವ ವಿಚಾರವಿದೆ. ಹಲಗೆಗಳು ಸಾಗವಾನಿಯವು, ಒಳಗಡೆ ಪಕ್ಕೆಲುಬಿನಂತೆ ಹಲಗೆಗಳನ್ನು ಹಿಡಿದಿಡುವ ಬಾಗುಮರಗಳು ಜಾಲಿಯವು ಎಂದು ಮಾರುವವರು ಹೇಳುತ್ತಾರೆ. ಹೊರಗೆ ಹೊಸದಾಗಿ ಡಾಂಬರು ಬಳಿದಿರುವುದರಿಂದ ನೋಡಲಿಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಹಿಂಬದಿಯ ಅಡ್ಡಹಲಗೆಗೆ ಸಣ್ಣ ಮೋಟಾರು ಕೂರಿಸಬೇಕೆಂದಿದ್ದೇನೆ. ಹಣ ಕೊಡುವ ಮೊದಲು ಯಾವ ಯಾವ ಮರವನ್ನು ಹೇಗೆ ಪರೀಕ್ಷಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿರಿ.

ಸುರಪುರದ ಬಡಗಿ:
ಡಾಂಬರು ಹೊಸದು ಎಂಬುದೇ ನನ್ನ ಮೊದಲ ಅನುಮಾನ. ಹೊರಮೈಯನ್ನು ಬಿಟ್ಟು ಒಳಗಿನಿಂದ ನೋಡಲು ಆರಂಭಿಸಿರಿ. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವದ ಜೊತೆಗೆ ಗಾಳಿಯೂ ಬೇಕು. ಆದ್ದರಿಂದ ಸದಾ ನೀರಿನಡಿ ಇರುವ ಹಲಗೆಗಿಂತ, ಮಳೆನೀರು ಇಳಿದು ಒಣಗದೆ ಉಳಿಯುವ ಸಂದುಗಳೇ ಮೊದಲು ಕೆಡುತ್ತವೆ: ಬಾಗುಮರದ ಬುಡ ತಳದ ಉದ್ದಮರವನ್ನು ಸೇರುವಲ್ಲಿ, ಮೇಲಂಚಿನ ಪಟ್ಟಿಯ ಅಡಿಯಲ್ಲಿ, ಮೂತಿಯ ಮೂಲೆಯಲ್ಲಿ, ಅಡ್ಡಹಲಗೆಯ ಕೆಳ ಅಂಚಿನಲ್ಲಿ ಮತ್ತು ಹಲಗೆಗಳ ಕಡಿದ ತುದಿಗಳಲ್ಲಿ. ಮರ ತುದಿಯಿಂದಲೇ ಹೆಚ್ಚು ನೀರು ಕುಡಿಯುತ್ತದೆ.

ಒಳಗೆ ಕಾಲಿಡಲು ಹಾಸಿದ ಅಡಿಹಲಗೆಗಳನ್ನು ತೆಗೆಸಿ, ಕೆಸರು ತೊಳೆದು, ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟುತ್ತಾ ಹೋಗಿರಿ. ಗಟ್ಟಿ ಮರ ಟಣ್ಣೆನ್ನುತ್ತದೆ. ಕೆಟ್ಟ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಅನುಮಾನ ಬಂದಲ್ಲಿ ದಬ್ಬಳವನ್ನು ಚುಚ್ಚಿ ಮೇಲಕ್ಕೆ ಮೀಟಿರಿ: ಒಳ್ಳೆಯ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ, ಕೊಳೆತದ್ದು ಸಪ್ಪಳವಿಲ್ಲದೆ ಮೋಟಾಗಿ ಮುರಿಯುತ್ತದೆ. ಅಷ್ಟಕ್ಕೂ ತೀರ್ಮಾನವಾಗದಿದ್ದರೆ, ಮಾಲೀಕರ ಒಪ್ಪಿಗೆ ಪಡೆದು, ದಪ್ಪ ಮರಕ್ಕೆ ಒಳಗಡೆಯಿಂದ ೫ ಮಿಲಿಮೀಟರಿನ ರಂಧ್ರ ಕೊರೆದು ಹೊಟ್ಟನ್ನು ನೋಡಿರಿ. ಕಪ್ಪಗೆ, ಪುಡಿಪುಡಿಯಾಗಿ, ಅಣಬೆಯ ವಾಸನೆಯೊಂದಿಗೆ ಬಂದರೆ ಒಳಗೆ ಕೊಳೆತವಿದೆ. ರಂಧ್ರಕ್ಕೆ ಮರದ ಬೆಣೆ ಹೊಡೆದು ಮುಚ್ಚುವುದನ್ನು ಮರೆಯಬೇಡಿರಿ. ಸಾಗವಾನಿ ಎಂದ ಮಾತ್ರಕ್ಕೆ ನೆಮ್ಮದಿ ಬೇಡ. ಅದರ ತಿರುಳು ಬಹುಕಾಲ ಬಾಳುತ್ತದೆ, ಹೊರಗಿನ ಬಿಳಿಭಾಗ ಬೇಗ ಹಾಳಾಗುತ್ತದೆ.

ಬೀದರಿನಿಂದ ಒಬ್ಬ ಓದುಗ:
ಮೇಲಿನ ಮಾತಿಗೆ ಎರಡು ಸೇರಿಸುತ್ತೇನೆ. ತೇವಾಂಶ ಅಳೆಯುವ ಮೀಟರ್ ಸಿಕ್ಕರೆ ಬಳಸಿರಿ. ೨೦ ಪ್ರತಿಶತಕ್ಕಿಂತ ಕಡಿಮೆ ತೇವವಿರುವ ಮರದಲ್ಲಿ ಶಿಲೀಂಧ್ರ ಬೆಳೆಯುವುದಿಲ್ಲ. ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ ದಡಕ್ಕೆಳೆದಿಟ್ಟ ದೋಣಿ ಒಣಗಿ ಹೋಗಿರುತ್ತದೆ. ಆಗ ಮೀಟರ್ ಕಡಿಮೆ ಅಂಕಿ ತೋರಿಸಿತೆಂದು ಮರ ಗಟ್ಟಿಯೆಂದು ತಿಳಿಯಬಾರದು, ಏಕೆಂದರೆ ಹಿಂದೆಯೇ ಆದ ಕೊಳೆತವನ್ನು ಅದು ಹೇಳುವುದಿಲ್ಲ. ಇನ್ನೊಂದು, ಕಬ್ಬಿಣದ ಮೊಳೆಗಳ ಸುತ್ತ ನೋಡಿರಿ. ತುಕ್ಕು ಹಿಡಿದ ಮೊಳೆ ಸುತ್ತಲಿನ ಮರವನ್ನೂ ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ, ಮೊಳೆಗೆ ಹಿಡಿತವೇ ಉಳಿಯುವುದಿಲ್ಲ. ಮಣ್ಣಿನ ಗೂಡುಗಳು ಕಂಡರೆ ಅದು ಗೆದ್ದಲು. ನೆಲಕ್ಕೆ ತಾಗಿಸಿ ಬೋರಲು ಹಾಕಿದ ದೋಣಿಗಳಲ್ಲಿ ಅದೂ ಸಾಮಾನ್ಯ.

ಹುಣಸಗಿ ಕಡೆಯವ:
ಇಬ್ಬರಿಗೂ ಧನ್ಯವಾದಗಳು. ತಟ್ಟಿ ನೋಡಿದೆ. ಮಧ್ಯದ ಎರಡು ಬಾಗುಮರಗಳ ಬುಡದಲ್ಲಿ ಸದ್ದು ಮಂದವಾಗಿದೆ, ದಬ್ಬಳ ಅರ್ಧ ಬೆರಳಿನಷ್ಟು ಇಳಿಯಿತು. ತಳದ ಮರ ಮತ್ತು ಅಡ್ಡಹಲಗೆ ಗಟ್ಟಿಯಾಗಿವೆ. ಮಾರುವವರು ಕೊಳೆತ ಕೆರೆದು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ತುಂಬಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಸುರಪುರದ ಬಡಗಿ:
ಒಪ್ಪಬೇಡಿರಿ. ಭಾರ ಹೊರದ ಪಟ್ಟಿಯಲ್ಲಾದರೆ ಎಪಾಕ್ಸಿ ನಡೆದೀತು. ಬಾಗುಮರ ಹಲಗೆಗಳನ್ನು ಬಿಗಿಯಾಗಿ ಹಿಡಿದಿಡುವ ಮರ. ತುಂಬಿದ ಅಂಟಿನ ಸುತ್ತ ತೇವ ಸಿಕ್ಕಿಬಿದ್ದು ಉಳಿದ ಕೊಳೆತ ಮತ್ತೆ ಹರಡುತ್ತದೆ. ಆ ಎರಡನ್ನೂ ಪೂರ್ತಿ ಬಿಚ್ಚಿಸಿ, ಚೆನ್ನಾಗಿ ಆರಿದ ಜಾಲಿಯ ಹೊಸ ಬಾಗುಮರ ಹಾಕಿಸಿರಿ. ಬಿಚ್ಚಿದಾಗ ಅವುಗಳ ಹಿಂದಿದ್ದ ಹಲಗೆಯ ಒಳಮೈಗೂ ದಬ್ಬಳ ಚುಚ್ಚಿ ನೋಡಿರಿ. ಹೊಸ ಬುಡದ ಪಕ್ಕದಲ್ಲಿ ನೀರು ಹಾಯಲು ಸಣ್ಣ ಕಚ್ಚು ಬಿಡಿಸಿರಿ, ಹಳೆಯದರಲ್ಲಿ ಅದು ಹೂಳಿನಿಂದ ಕಟ್ಟಿಹೋಗಿರಲಿಕ್ಕೆ ಸಾಕು. ಈ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿರಿ. ಬಿಚ್ಚುವಾಗ ತಳದ ಮರವೂ ಮೆತ್ತಗಿದೆ ಎಂದು ಕಂಡರೆ ಮಾತ್ರ ವ್ಯವಹಾರವನ್ನು ಅಲ್ಲಿಗೇ ಬಿಟ್ಟುಬಿಡಿರಿ; ಅದನ್ನು ಬದಲಿಸುವುದೆಂದರೆ ಹೊಸ ದೋಣಿ ಕಟ್ಟಿದಂತೆಯೇ.